ಕೊಟ್ಟಿಗೆಯಲ್ಲಿ ಹಾವು: ಹೆದರಿಕೆ ಬೇಡ, ಉದಾಸೀನವೂ ಬೇಡ

ಹೈನುಗಾರ ಅಕ್ಕತಂಗಿಯರೇ,

ಮನೆಯಲ್ಲಿ ಎಲ್ಲರಿಗಿಂತ ಮೊದಲು ಏಳುವವರು ನೀವು. ಬೆಳಕು ಹರಿಯುವ ಮುನ್ನವೇ ಕೊಟ್ಟಿಗೆಗೆ ಹೋಗಿ ಸಗಣಿ ಬಾಚುತ್ತೀರಿ, ಹುಲ್ಲು ಹಾಕುತ್ತೀರಿ, ಹಾಲು ಕರೆದು ಡೇರಿಗೆ ಹೊರಡುತ್ತೀರಿ. ಸಂಜೆ ಕತ್ತಲಾಗುವ ಹೊತ್ತಿಗೆ ಮತ್ತೆ ಅದೇ ಕೆಲಸ. ನಡುವೆ ಹುಲ್ಲು ಕೊಯ್ಯಬೇಕು, ಮೆದೆಯಿಂದ ಹುಲ್ಲು ಹಿರಿಯಬೇಕು, ಬೆರಣಿ ಜೋಡಿಸಬೇಕು, ತಿಪ್ಪೆಗೆ ಸಗಣಿ ಹೊರಬೇಕು. ಹಾವು ಓಡಾಡುವ ಹೊತ್ತು, ಹಾವು ಅಡಗುವ ಜಾಗ ಕೂಡ ಇವೇ.

ನಮ್ಮ ದೇಶದಲ್ಲಿ 2000ದಿಂದ 2019ರವರೆಗೆ ಹಾವು ಕಡಿತದಿಂದ ಸುಮಾರು 12 ಲಕ್ಷ ಜನ ಸತ್ತಿದ್ದಾರೆ ಎಂದು ಅಧ್ಯಯನವೊಂದು ಅಂದಾಜು ಮಾಡಿದೆ. ವರ್ಷಕ್ಕೆ ಸರಾಸರಿ 58,000 ಸಾವು. ಹೆಚ್ಚಿನವರು ಹಳ್ಳಿಯವರು. ಅರ್ಧದಷ್ಟು ಸಾವು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲದಲ್ಲೇ ಆಗಿವೆ. ಇವರಲ್ಲಿ ಎಷ್ಟೋ ಜನರಿಗೆ ಔಷಧಿ ಇಲ್ಲವೆಂದಲ್ಲ, ಔಷಧಿ ಇರುವ ಜಾಗಕ್ಕೆ ಹೊತ್ತಿಗೆ ಸರಿಯಾಗಿ ತಲುಪಲಿಲ್ಲವೆಂದು ಜೀವ ಹೋಗಿದೆ. ಹಾಗಾಗಿ ಈ ಲೇಖನದಲ್ಲಿ ಮುಖ್ಯವಾಗಿ ಎರಡು ವಿಷಯ ಹೇಳುತ್ತೇವೆ. ಹಾವು ಕೊಟ್ಟಿಗೆಗೆ ಬಾರದಂತೆ ಏನು ಮಾಡಬೇಕು, ಕಚ್ಚಿದರೆ ಏನು ಮಾಡಬೇಕು.

ಹಾವು ಬರುವುದು ಹಾಲಿಗಲ್ಲ, ಇಲಿಗೆ

ರಾತ್ರಿ ಕೇರೆಹಾವು ಬಂದು ಹಸುವಿನ ಹಿಂಗಾಲಿಗೆ ಸುತ್ತಿಕೊಂಡು ಕೆಚ್ಚಲಿನಿಂದ ಹಾಲು ಕುಡಿಯುತ್ತದೆ ಎಂಬ ಮಾತನ್ನು ನಾವೆಲ್ಲ ಕೇಳಿದ್ದೇವೆ. ಬೆಳಿಗ್ಗೆ ಹಾಲು ಕಡಿಮೆಯಾದರೆ, ಮೊಲೆಯ ಮೇಲೆ ಗಾಯ ಕಂಡರೆ ತಪ್ಪನ್ನು ಹಾವಿನ ತಲೆಗೆ ಕಟ್ಟುವುದುಂಟು. ಆದರೆ ಹಾವಿಗೆ ಕರುವಿನಂತೆ ಚೀಪುವ ಬಾಯಿಯೇ ಇಲ್ಲ. ಅದರ ಹಲ್ಲುಗಳು ಚೂಪಾಗಿ, ಗಂಟಲ ಕಡೆಗೆ ಬಾಗಿರುತ್ತವೆ. ಅಂಥ ಬಾಯಿ ಮೊಲೆಗೆ ತಗುಲಿದರೆ ಯಾವ ಹಸುವೂ ಸುಮ್ಮನೆ ನಿಲ್ಲುವುದಿಲ್ಲ, ಒದೆಯುತ್ತದೆ.

ಈ ನಂಬಿಕೆಯಿಂದ ಆಗುವ ನಿಜವಾದ ನಷ್ಟ ಬೇರೆ. ಹಾಲು ಇಳಿದಾಗ ಹಾವನ್ನು ಹುಡುಕುತ್ತಾ ಕುಳಿತರೆ ಕೆಚ್ಚಲು ಬಾವು ಬಲಿಯುತ್ತದೆ. ಹಾಲು ದಿಢೀರನೆ ಕಡಿಮೆಯಾಯಿತೇ? ಮೊದಲ ಧಾರೆಯನ್ನು ಕಪ್ಪು ಬಟ್ಟೆಯ ಮೇಲೋ ಬಟ್ಟಲಿಗೋ ಕರೆದು ಗಟ್ಟಿ, ಚೂರು, ರಕ್ತ ಇದೆಯೇ ನೋಡಿ. ಕೆಚ್ಚಲು ಬಿಸಿಯಾಗಿದೆಯೇ, ಗಡುಸಾಗಿದೆಯೇ ಮುಟ್ಟಿ ನೋಡಿ. ಕರು ಹಗ್ಗ ಬಿಚ್ಚಿಕೊಂಡು ಕುಡಿದಿರಲೂಬಹುದು. ಅನುಮಾನವಿದ್ದರೆ ಪಶುವೈದ್ಯರನ್ನು ಕರೆಸಿ.

ಹಾಗಾದರೆ ಹಾವು ಕೊಟ್ಟಿಗೆಗೆ ಬರುವುದೇಕೆ? ಹಿಂಡಿ, ಬೂಸಾ, ಪಶು ಆಹಾರಕ್ಕೆ ಇಲಿ ಬರುತ್ತದೆ. ಇಲಿಯ ಹಿಂದೆ ಹಾವು ಬರುತ್ತದೆ. ನೀರು ನಿಂತ ಕಡೆ ಕಪ್ಪೆ ಸೇರುತ್ತದೆ, ಅದಕ್ಕೂ ಹಾವು ಬರುತ್ತದೆ. ಬೆಚ್ಚಗಿರುವ ತಿಪ್ಪೆ, ಸೌದೆ ರಾಶಿ, ಬೆರಣಿ ಗೂಡು, ಹುಲ್ಲಿನ ಮೆದೆ ಅದಕ್ಕೆ ಅಡಗಲು, ಮೊಟ್ಟೆ ಇಡಲು ಅನುಕೂಲ.

ಕೊಟ್ಟಿಗೆಯನ್ನು ಹೀಗೆ ಇಟ್ಟುಕೊಳ್ಳಿ

ಬೆಳ್ಳುಳ್ಳಿ ಕಟ್ಟುವುದು, ಫಿನಾಯಿಲ್ ಚೆಲ್ಲುವುದು, ಸೀಮೆಎಣ್ಣೆ ಸುರಿಯುವುದು ಇವನ್ನು ನಂಬಿ ಕೂರಬೇಡಿ. ಇಲಿ ಇರುವವರೆಗೆ ಹಾವು ಬಂದೇ ಬರುತ್ತದೆ. ಮಾಡಬೇಕಾದ ಕೆಲಸ ಇವು:

• ಪಶು ಆಹಾರದ ಚೀಲವನ್ನು ನೆಲದ ಮೇಲೆ, ಗೋಡೆಗೆ ತಾಗಿಸಿ ಇಡಬೇಡಿ. ಹಲಗೆಯ ಮೇಲೆ, ಗೋಡೆಯಿಂದ ಒಂದು ಅಡಿ ದೂರ ಇಡಿ. ಬಿಚ್ಚಿದ ಚೀಲವನ್ನು ಮುಚ್ಚಳವಿರುವ ಡ್ರಮ್ಮಿಗೆ ಸುರಿಯಿರಿ.
• ಗೋದಲಿಯಲ್ಲಿ ಉಳಿದ ಹಿಂಡಿಯನ್ನು ರಾತ್ರಿ ಬಿಡಬೇಡಿ, ಗುಡಿಸಿ ತೆಗೆಯಿರಿ.
• ಗೋಡೆಯ ಬಿರುಕು, ನೆಲದ ಬಿಲ, ಗಂಜಲ ಹರಿದುಹೋಗುವ ಪೈಪಿನ ಬಾಯಿ ನೋಡಿಕೊಳ್ಳಿ. ಬಿಲವನ್ನು ಮುಚ್ಚಿ, ಪೈಪಿನ ಬಾಯಿಗೆ ಸಣ್ಣ ಕಣ್ಣಿನ ಜಾಲರಿ ಕಟ್ಟಿ.
• ಸೌದೆ, ಬೆರಣಿ, ಹಳೆಯ ಹೆಂಚು, ಇಟ್ಟಿಗೆ ರಾಶಿಯನ್ನು ಕೊಟ್ಟಿಗೆಯ ಗೋಡೆಗೆ ಒರಗಿಸಬೇಡಿ. ದೂರದಲ್ಲಿ, ಸಾಧ್ಯವಾದರೆ ಅಟ್ಟಣೆಯ ಮೇಲೆ ಇಡಿ.
• ಹಸುವಿನ ರಬ್ಬರ್ ಮ್ಯಾಟ್ ಎತ್ತುವಾಗ ಅಂಚಿಗೆ ಕೈ ತೂರಿಸಬೇಡಿ. ಕೋಲಿನಿಂದ ಎತ್ತಿ ನೋಡಿ.
• ಕೊಟ್ಟಿಗೆಯ ದೀಪದ ಸ್ವಿಚ್ ಬಾಗಿಲ ಬಳಿಯೇ ಇರಲಿ. ಕತ್ತಲಲ್ಲಿ ನಾಲ್ಕು ಹೆಜ್ಜೆ ನಡೆದು ದೀಪ ಹಾಕುವಂತಿರಬಾರದು. ಕರೆಂಟ್ ಇಲ್ಲದಿದ್ದರೆ ಟಾರ್ಚ್ ಇಲ್ಲದೆ ಹೋಗಬೇಡಿ.
• ಬರಿಗಾಲಲ್ಲಿ ಹೋಗಬೇಡಿ. ಗಂಬೂಟು ಇದ್ದರೆ ಒಳ್ಳೆಯದು. ಹಾಕಿಕೊಳ್ಳುವ ಮುನ್ನ ತಲೆಕೆಳಗಾಗಿ ಕೊಡವಿ.
• ಮೆದೆಯಿಂದ ಹುಲ್ಲು ಹಿರಿಯುವ ಮುನ್ನ, ನೇಪಿಯರ್ ಕೊಯ್ಯುವ ಮುನ್ನ ಉದ್ದನೆಯ ಕೋಲಿನಿಂದ ಬಡಿಯಿರಿ. ಹಿಂದಿನ ದಿನ ಕೊಯ್ದು ಹೊಲದಲ್ಲೇ ಬಿಟ್ಟ ಹೊರೆಯನ್ನು ನೇರವಾಗಿ ತಬ್ಬಿ ಎತ್ತಬೇಡಿ.
• ಮಳೆಗಾಲದಲ್ಲಿ ನೆಲದ ಮೇಲೆ ಮಲಗಬೇಡಿ. ಅನಿವಾರ್ಯವಾದರೆ ಸೊಳ್ಳೆಪರದೆ ಕಟ್ಟಿ, ಅದರ ಅಂಚನ್ನು ಹಾಸಿಗೆಯ ಅಡಿಗೆ ಸೇರಿಸಿ. ಹಸು ಕರು ಹಾಕುವ ದಿನಗಳಲ್ಲಿ ಕೊಟ್ಟಿಗೆಯಲ್ಲೇ ಕಾಯುವವರು ಇದನ್ನು ಮರೆಯಬಾರದು.

ಗುರುತಿರಬೇಕಾದ ನಾಲ್ಕು ಹಾವು

ನಮ್ಮ ಸುತ್ತ ಕಾಣುವ ಹಾವುಗಳಲ್ಲಿ ಹೆಚ್ಚಿನವು ವಿಷವಿಲ್ಲದವು. ಕೇರೆಹಾವು, ನೀರೊಳ್ಳೆ, ಮಣ್ಣುಮುಕ್ಕ ಈ ಗುಂಪಿನವು. ಕೇರೆಹಾವಂತೂ ಇಲಿ ತಿಂದು ನಿಮ್ಮ ಹಿಂಡಿಯನ್ನು ಉಳಿಸುತ್ತದೆ. ಸಾವಿಗೆ ಹೆಚ್ಚಾಗಿ ಕಾರಣವಾಗುವವು ನಾಲ್ಕು.

ನಾಗರಹಾವು: ಹೆಡೆ ಬಿಚ್ಚುವುದರಿಂದ ಎಲ್ಲರಿಗೂ ಗೊತ್ತು. ಆದರೆ ಹೆಡೆ ಮಡಿಸಿ ಹರಿದುಹೋಗುವಾಗ ಕೇರೆಯಂತೆಯೇ ಕಾಣುತ್ತದೆ. ಕಚ್ಚಿದ ಜಾಗ ಊದುತ್ತದೆ, ನೋಯುತ್ತದೆ. ರೆಪ್ಪೆ ಜೋಲುತ್ತದೆ, ಮಾತು ತೊದಲುತ್ತದೆ, ಉಸಿರಾಟ ಕಷ್ಟವಾಗುತ್ತದೆ.

ಕಟ್ಟುಹಾವು: ಕೆಲವು ಕಡೆ ಕಡಂಬಳ ಎನ್ನುತ್ತಾರೆ. ಮಿರುಗುವ ಕಪ್ಪು ಮೈ, ಅಡ್ಡಕ್ಕೆ ತೆಳುವಾದ ಬಿಳಿ ಪಟ್ಟೆ. ರಾತ್ರಿ ಓಡಾಡುತ್ತದೆ, ನೆಲದ ಮೇಲೆ ಮಲಗಿದವರನ್ನು ಕಚ್ಚುತ್ತದೆ. ಇದರ ಕಡಿತ ಬಲು ಮೋಸದ್ದು. ನೋವಿಲ್ಲ, ಊತವಿಲ್ಲ, ಗುರುತೂ ಕಾಣದಿರಬಹುದು. ಬೆಳಗಿನ ಜಾವ ಹೊಟ್ಟೆನೋವು, ಗಂಟಲು ನೋವು ಎನ್ನುತ್ತಾ ಎದ್ದವರ ರೆಪ್ಪೆ ಜೋಲುತ್ತಿದ್ದರೆ, ಹಾವು ಕಂಡಿರಲಿ ಬಿಡಲಿ, ಕೂಡಲೇ ಆಸ್ಪತ್ರೆಗೆ ಹೊರಡಬೇಕು. ಅಜೀರ್ಣವೆಂದು ಕಷಾಯ ಕುಡಿಸಿ ಮಲಗಿಸಬಾರದು.

ಕೊಳಕುಮಂಡಲ: ದಪ್ಪ ಮೈ, ಬೆನ್ನ ಮೇಲೆ ಸರಪಳಿಯಂತೆ ಕಂದು ಮಚ್ಚೆ. ಕುಕ್ಕರ್ ಸೀಟಿಯಂತೆ ಜೋರಾಗಿ ಬುಸುಗುಡುತ್ತದೆ. ಹೆಬ್ಬಾವಿನ ಮರಿ ಎಂದುಕೊಂಡು ಮುಟ್ಟಲು ಹೋದವರಿದ್ದಾರೆ. ಕಚ್ಚಿದ ಜಾಗ ಬೇಗ ಊದುತ್ತದೆ, ವಸಡು, ಮೂಗು, ಮೂತ್ರದಲ್ಲಿ ರಕ್ತ ಬರಬಹುದು, ಮೂತ್ರಪಿಂಡ ಕೆಡಬಹುದು.

ಗರಗಸಮಂಡಲ: ಗೇಣೆರಡು ಗೇಣು ಉದ್ದದ ಚಿಕ್ಕ ಹಾವು. ಒಣ ಪ್ರದೇಶದಲ್ಲಿ, ಕಲ್ಲಿನ ಅಡಿಯಲ್ಲಿ ಹೆಚ್ಚು. ಮೈಯ ಹುರುಪೆಗಳನ್ನು ಉಜ್ಜಿ ಗರಗಸದಂಥ ಸದ್ದು ಮಾಡುತ್ತದೆ. ಚಿಕ್ಕದೆಂದು ತಾತ್ಸಾರ ಬೇಡ, ಇದರ ವಿಷವೂ ರಕ್ತ ಹೆಪ್ಪುಗಟ್ಟದಂತೆ ಮಾಡುತ್ತದೆ.

ಇಷ್ಟು ತಿಳಿದಿದ್ದರೂ, ಕಚ್ಚಿದ ಗಳಿಗೆಯಲ್ಲಿ ಕತ್ತಲಲ್ಲಿ ಕಂಡ ಹಾವು ಯಾವುದೆಂದು ಖಚಿತವಾಗಿ ಹೇಳುವುದು ಕಷ್ಟ. ತೋಳದ ಹಾವಿನ ಪಟ್ಟೆಯೂ ಕಟ್ಟುಹಾವಿನ ಪಟ್ಟೆಯೂ ನೋಡುವವರನ್ನು ಏಮಾರಿಸುತ್ತವೆ.

ಹಾವು ಕಂಡರೆ

ಆರೆಂಟು ಅಡಿ ದೂರ ನಿಲ್ಲಿ. ಮಕ್ಕಳನ್ನು, ನಾಯಿಯನ್ನು ದೂರ ಕಳಿಸಿ. ಹಾವಿನ ಪಕ್ಕದಲ್ಲಿ ಹಾದುಹೋಗದೆ ದನ ಬಿಚ್ಚಲು ಸಾಧ್ಯವಾದರೆ ಮಾತ್ರ ಬಿಚ್ಚಿ. ಹಾವು ಹೊರಹೋಗುವ ದಾರಿಗೆ ಅಡ್ಡ ನಿಲ್ಲಬೇಡಿ, ಬಹಳಷ್ಟು ಸಲ ತಾನೇ ಹೋಗುತ್ತದೆ. ಹೋಗದಿದ್ದರೆ ಒಬ್ಬರು ದೂರದಿಂದ ಕಣ್ಣಿಟ್ಟಿರಲಿ, ಇನ್ನೊಬ್ಬರು ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಫೋನ್ ಮಾಡಲಿ.

ದೊಣ್ಣೆ ಹಿಡಿದು ಬಡಿಯಲು ಹೋಗಬೇಡಿ. ಹಾಗೆ ಹತ್ತಿರ ಹೋದಾಗಲೇ ಎಷ್ಟೋ ಜನ ಕಚ್ಚಿಸಿಕೊಳ್ಳುತ್ತಾರೆ. ಸತ್ತ ಹಾವಿನ ತಲೆಯನ್ನೂ ಮುಟ್ಟಬೇಡಿ, ಸತ್ತ ಮೇಲೂ ಸ್ವಲ್ಪ ಹೊತ್ತು ಅದು ಕಚ್ಚಬಲ್ಲದು. ಮನೆಯ ಹುಡುಗರು ಮೊಬೈಲಿನಲ್ಲಿ ವಿಡಿಯೋ ನೋಡಿ ಹಾವು ಹಿಡಿಯುವ, ಡಬ್ಬದಲ್ಲಿಟ್ಟು ಸಾಕುವ ಹುಮ್ಮಸ್ಸು ತೋರಿಸಿದರೆ ಗದರಿಸಿ. ನಮ್ಮ ಕಾಡುಹಾವುಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ. ಇವನ್ನು ಹಿಡಿದು ಸಾಕುವುದು, ಕೊಲ್ಲುವುದು ಅಪರಾಧ.

ಕಚ್ಚಿದರೆ ಮೊದಲು ಮಾಡಬೇಕಾದ್ದು

1. ಹಾವಿನಿಂದ ದೂರ ಸರಿದು ಕುಳಿತುಕೊಳ್ಳಿ ಅಥವಾ ಮಲಗಿ. ಯಾರನ್ನಾದರೂ ಕೂಗಿ ಕರೆಯಿರಿ. ಕಚ್ಚಿದ ಎಲ್ಲ ಹಾವಿಗೂ ವಿಷವಿಲ್ಲ, ವಿಷದ ಹಾವು ಕೂಡ ಪ್ರತಿ ಸಲ ವಿಷ ಬಿಡುವುದಿಲ್ಲ. ಜೊತೆಯಲ್ಲಿರುವವರು ಈ ಧೈರ್ಯ ಹೇಳಿ.

2. ಕಾಲುಂಗುರ, ಕಾಲ್ಗೆಜ್ಜೆ, ಬಳೆ, ಉಂಗುರ ಕೂಡಲೇ ತೆಗೆಯಿರಿ. ಮುತ್ತೈದೆ ಕಾಲುಂಗುರ, ಬಳೆ ತೆಗೆಯಬಾರದು ಎಂದು ಹಿಂಜರಿಯಬೇಡಿ. ಊತ ಬಂದ ಮೇಲೆ ಅವು ಬೆರಳನ್ನು ಬಿಗಿದು ರಕ್ತ ಓಡಾಟ ನಿಲ್ಲಿಸುತ್ತವೆ, ಬೆರಳೇ ಹೋಗಬಹುದು. ಗುಣವಾಗಿ ಬಂದ ಮೇಲೆ ಮತ್ತೆ ತೊಡಬಹುದು.

3. ಕಚ್ಚಿದ ಕೈ ಅಥವಾ ಕಾಲನ್ನು ಅಲುಗಾಡಿಸಬೇಡಿ. ಕೈ ಮುರಿದಾಗ ಕಟ್ಟುವಂತೆ ಪಟ್ಟಿಯನ್ನೋ ಕೋಲನ್ನೋ ಇಟ್ಟು ಸೀರೆಯ ತುಂಡಿನಿಂದ ಸಡಿಲವಾಗಿ ಕಟ್ಟಿ. ನಡೆಯಬೇಡಿ, ಓಡಬೇಡಿ.

4. ಕಚ್ಚಿದ ಹೊತ್ತನ್ನು ನೆನಪಿಡಿ. 108ಕ್ಕೆ ಫೋನ್ ಮಾಡಿ. ಆಂಬ್ಯುಲೆನ್ಸ್ ತಡವಾಗುವುದಾದರೆ ಸಿಕ್ಕ ವಾಹನದಲ್ಲಿ ಹೊರಡಿ. ಬೈಕ್ ಮಾತ್ರ ಇದ್ದರೆ ಕಚ್ಚಿಸಿಕೊಂಡವರನ್ನು ನಡುವೆ ಕೂರಿಸಿ, ಹಿಂದೆ ಒಬ್ಬರು ಹಿಡಿದುಕೊಳ್ಳಿ.

5. ವಾಂತಿ ಬಂದರೆ, ಮಂಪರು ಕವಿದರೆ ಎಡಮಗ್ಗುಲಿಗೆ ಮಲಗಿಸಿ. ಬಾಯಿಗೆ ಏನನ್ನೂ ಹಾಕಬೇಡಿ.

ಮಾಡಬಾರದ್ದು ಇಷ್ಟು. ಹಗ್ಗ, ದಾರದಿಂದ ಬಿಗಿಯಾಗಿ ಕಟ್ಟಬೇಡಿ. ಯಾರಾದರೂ ಆಗಲೇ ಕಟ್ಟಿದ್ದರೆ ದಾರಿಯಲ್ಲಿ ಬಿಚ್ಚಬೇಡಿ, ವೈದ್ಯರ ಮುಂದೆಯೇ ಬಿಚ್ಚಬೇಕು. ಬ್ಲೇಡಿನಿಂದ ಕೊಯ್ಯಬೇಡಿ, ಬಾಯಿಂದ ಹೀರಬೇಡಿ, ಸುಡಬೇಡಿ, ಐಸ್ ಇಡಬೇಡಿ, ಗಾಯವನ್ನು ತಿಕ್ಕಬೇಡಿ. ವಿಷ ಏರಿದೆಯೇ ನೋಡಲು ಮೆಣಸಿನಕಾಯಿ, ಬೇವಿನ ಸೊಪ್ಪು ತಿನ್ನಿಸಿ ಹೊತ್ತು ಕಳೆಯಬೇಡಿ. ನೋವಿನ ಮಾತ್ರೆ ಕೊಡಬೇಡಿ. ಹಾವನ್ನು ಹಿಡಿದೋ ಕೊಂದೋ ಆಸ್ಪತ್ರೆಗೆ ತರುವ ಅಗತ್ಯವಿಲ್ಲ. ದೂರದಿಂದ ಫೋಟೋ ಸಿಕ್ಕರೆ ಸಾಕು, ಸಿಗದಿದ್ದರೂ ಚಿಕಿತ್ಸೆ ನಿಲ್ಲುವುದಿಲ್ಲ. ನಾಟಿ ಔಷಧಿ, ಮಂತ್ರದ ಮನೆಗೆ ಮೊದಲು ಹೋಗಿ ಆಮೇಲೆ ಆಸ್ಪತ್ರೆ ಎನ್ನುವ ಲೆಕ್ಕ ಬೇಡ.

ಇನ್ನೊಂದು ಮಾತನ್ನು ನಿಮಗೇ ಹೇಳಬೇಕು. ಉಳಿದ ಎರಡು ಹಸು ಕರೆದು ಹೋಗೋಣ, ಡೇರಿಗೆ ಹಾಲು ಹಾಕಿ ಬರೋಣ, ಯಜಮಾನರು ಬರಲಿ, ಮಕ್ಕಳು ಶಾಲೆಗೆ ಹೋಗಲಿ ಎಂದು ನೋವು ನುಂಗಿ ಕೂರುವವರು ಹೆಂಗಸರೇ. ಒಂದು ಹೊತ್ತಿನ ಹಾಲು ಹೋದರೆ ನಾಳೆ ಮತ್ತೆ ಬರುತ್ತದೆ. ಹಾವು ಕಚ್ಚಿದ ಅನುಮಾನ ಬಂದರೆ ಕೈಯಲ್ಲಿರುವ ಬಕೆಟ್ ಅಲ್ಲೇ ಇಟ್ಟು ಹೊರಡಿ.

‘ಸಣ್ಣ ಕಡಿತ’ ಎಂದು ಹೇಳಬೇಕಾದವರು ಯಾರು?

ಬರೀ ಗೀರಿದೆ, ಎರಡೇ ತೊಟ್ಟು ರಕ್ತ ಬಂತು, ಒಳ್ಳೆಹಾವು ಇರಬೇಕು ಎಂದು ಅರಿಶಿನ ಹಚ್ಚಿ ಸುಮ್ಮನಾಗುವುದುಂಟು. ಗಾಯ ಸಣ್ಣದಿದ್ದರೆ ಕಡಿತ ಸಣ್ಣದೆಂದಲ್ಲ. ಕಟ್ಟುಹಾವಿನ ಗಾಯ ಸೊಳ್ಳೆ ಕಚ್ಚಿದಷ್ಟೂ ಕಾಣದು. ಸಣ್ಣದೋ ದೊಡ್ಡದೋ ಎಂಬುದು ಆಸ್ಪತ್ರೆಯಲ್ಲೇ ತೀರ್ಮಾನವಾಗಬೇಕು.

ಅಲ್ಲಿ ವೈದ್ಯರು ಒಂದು ಸರಳ ಪರೀಕ್ಷೆ ಮಾಡುತ್ತಾರೆ. ಸ್ವಲ್ಪ ರಕ್ತವನ್ನು ಒಣಗಿದ, ಶುಚಿಯಾದ ಗಾಜಿನ ಸೀಸೆಯಲ್ಲಿ 20 ನಿಮಿಷ ಅಲುಗಾಡಿಸದೆ ಇಡುತ್ತಾರೆ. ಹೆಪ್ಪುಗಟ್ಟದಿದ್ದರೆ ಮಂಡಲದ ವಿಷ ಏರಿದೆ ಎಂದು ತಿಳಿಯುತ್ತದೆ. ಹೆಪ್ಪುಗಟ್ಟಿದರೂ ಕೂಡಲೇ ಮನೆಗೆ ಕಳಿಸುವುದಿಲ್ಲ. ನಾಗರಹಾವು, ಕಟ್ಟುಹಾವಿನ ವಿಷ ಈ ಪರೀಕ್ಷೆಯಲ್ಲಿ ಸಿಗುವುದಿಲ್ಲ, ಕೆಲವು ಲಕ್ಷಣ ತಡವಾಗಿ ಕಾಣುತ್ತವೆ. ಅದಕ್ಕೇ 24 ಗಂಟೆ ನಿಗಾದಲ್ಲಿ ಇಡುತ್ತಾರೆ. ಚೆನ್ನಾಗಿದ್ದೇನೆ, ಹಸು ಕರೆಯಬೇಕು ಎಂದು ಹಟಮಾಡಿ ಎದ್ದು ಬರಬೇಡಿ.

ವಿಷವಿಲ್ಲ ಎಂದು ವೈದ್ಯರು ಹೇಳಿದ ಮೇಲೆ ಅದು ಉಳಿದ ಗಾಯದಂತೆಯೇ. ಸೋಪು, ನೀರಿನಿಂದ ತೊಳೆದು ಒಣಗಿಸಿ, ಧನುರ್ವಾಯು ಚುಚ್ಚುಮದ್ದು ಹಾಕಿಸಿಕೊಳ್ಳಿ. ಕೆಲವು ದಿನ ಸಗಣಿ, ಗಂಜಲ ತಾಗದಂತೆ ನೋಡಿಕೊಳ್ಳಿ. ಕೆಂಪಾಗಿ ಊದಿದರೆ, ಕೀವು ಕಟ್ಟಿದರೆ, ಜ್ವರ ಬಂದರೆ ಮತ್ತೆ ವೈದ್ಯರಿಗೆ ತೋರಿಸಿ. ಸಕ್ಕರೆ ಕಾಯಿಲೆ ಇರುವವರು ಇನ್ನೂ ಎಚ್ಚರವಾಗಿರಬೇಕು.

ಹಸುವಿಗೆ ಕಚ್ಚಿದರೆ

ಮೇಯುವಾಗ ಮೂತಿಗೆ, ನಡೆಯುವಾಗ ಕಾಲಿಗೆ, ಮಲಗಿದ್ದಾಗ ಕೆಚ್ಚಲಿಗೆ ಕಚ್ಚಬಹುದು. ಮುಖ ಅಥವಾ ಕಾಲು ದಿಢೀರನೆ ಊದುವುದು, ಜೊಲ್ಲು ಸುರಿಯುವುದು, ತೂರಾಡುವುದು, ಉಸಿರಿಗೆ ಒದ್ದಾಡುವುದು, ಗಾಯದಿಂದ ರಕ್ತ ನಿಲ್ಲದೆ ಸೋರುವುದು ಇದರ ಲಕ್ಷಣ.

ನಿಮ್ಮ ಕಾಲುಂಗುರ ತೆಗೆದಂತೆ ಹಸುವಿನ ಮೂಗುದಾರ, ಮುಖದ ಹಗ್ಗ ಮೊದಲು ಬಿಚ್ಚಿ. ಮೂತಿ ಊದಿದರೆ ಅವೇ ಉಸಿರು ಕಟ್ಟಿಸುತ್ತವೆ. ಓಡಾಡಿಸಬೇಡಿ, ಬೇರೆ ದನಗಳಿಂದ ಬೇರ್ಪಡಿಸಿ. ಗೊಟ್ಟದಲ್ಲಿ ಎಣ್ಣೆ, ಹುಣಸೆ ರಸ, ಕಷಾಯ ಕುಡಿಸಬೇಡಿ. ನುಂಗಲಾರದ ಹಸುವಿಗೆ ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ಪಶು ಸಂಜೀವಿನಿ ಸಹಾಯವಾಣಿ 1962ಕ್ಕೆ, ನಿಮ್ಮ ಸಂಘದ ಪಶುವೈದ್ಯರಿಗೆ ಫೋನ್ ಮಾಡಿ. ದನಕ್ಕೂ ಪ್ರತಿವಿಷ ಕೊಟ್ಟು ಉಳಿಸಬಹುದು, ಬೇಗ ಕೊಡಬೇಕು ಅಷ್ಟೆ. ಚಿಕಿತ್ಸೆ ಪಡೆದ ಹಸುವಿನ ಹಾಲನ್ನು ವೈದ್ಯರು ಹೇಳುವವರೆಗೆ ಡೇರಿಗೆ ಹಾಕಬೇಡಿ, ಮನೆಯಲ್ಲೂ ಬಳಸಬೇಡಿ.

ಬೆಳಿಗ್ಗೆ ನೋಡಿದಾಗ ಹಸು ಸತ್ತು ಬಿದ್ದು, ಮೂಗು, ಗುದದಿಂದ ರಕ್ತ ಬಂದಿದ್ದರೆ ಹಾವೇ ಎಂದು ತೀರ್ಮಾನಿಸಬೇಡಿ. ಅದು ನೆರಡಿ ರೋಗ, ಅಂದರೆ ಅಂಥ್ರಾಕ್ಸ್ ಇರಬಹುದು. ಅದು ಮನುಷ್ಯರಿಗೂ ಅಂಟುತ್ತದೆ. ಕಳೇಬರ ಮುಟ್ಟಬೇಡಿ, ಚರ್ಮ ಸುಲಿಯಲು ಬಿಡಬೇಡಿ, ಪಶುವೈದ್ಯರು ಬರುವವರೆಗೆ ಕಾಯಿರಿ. ವಿಮೆ ಇರುವ ಹಸುವಾದರೆ ವಿಮಾ ಕಂಪನಿಗೆ ಕೂಡಲೇ ತಿಳಿಸಿ. ವೈದ್ಯರು ನೋಡಿ ಪ್ರಮಾಣಪತ್ರ ಕೊಡುವ ಮುನ್ನ ಹೂಳಬೇಡಿ, ಕಿವಿಯೋಲೆ ಕಳೆಯಬೇಡಿ.

ಪ್ರತಿವಿಷದ ಹಿಂದೆಯೂ ಒಂದು ಸಹಕಾರ ಸಂಘ

ಹಾವಿನ ವಿಷಕ್ಕೆ ಇರುವ ನಿಜವಾದ ಔಷಧಿ ಪ್ರತಿವಿಷ ಒಂದೇ. ಮೇಲೆ ಹೇಳಿದ ನಾಲ್ಕು ಹಾವುಗಳ ವಿಷವನ್ನು ತೀರಾ ಸಣ್ಣ ಪ್ರಮಾಣದಲ್ಲಿ ಕುದುರೆಗೆ ಚುಚ್ಚುತ್ತಾರೆ. ಕುದುರೆಯ ರಕ್ತದಲ್ಲಿ ವಿಷವನ್ನು ಎದುರಿಸುವ ಶಕ್ತಿ ಬೆಳೆಯುತ್ತದೆ. ಅದನ್ನು ಬೇರ್ಪಡಿಸಿ, ಪುಡಿಮಾಡಿ ಸೀಸೆಗೆ ತುಂಬುತ್ತಾರೆ. ನಾಲ್ಕರಲ್ಲಿ ಯಾವುದು ಕಚ್ಚಿದರೂ ಔಷಧಿ ಒಂದೇ.

ಈ ವಿಷವನ್ನು ಸಂಗ್ರಹಿಸುವವರಲ್ಲಿ ಮುಖ್ಯರಾದವರು ತಮಿಳುನಾಡಿನ ಇರುಳ ಸಮುದಾಯದವರು. ಅವರೂ ನಮ್ಮಂತೆಯೇ ಸಹಕಾರ ಸಂಘ ಕಟ್ಟಿಕೊಂಡವರು. ಹಾವಿನ ಚರ್ಮದ ವ್ಯಾಪಾರ ನಿಂತು ಬದುಕು ಕಷ್ಟವಾದಾಗ, 1978ರಲ್ಲಿ, ಚೆನ್ನೈ ಹೊರವಲಯದ ವಡನೆಮ್ಮೇಲಿಯಲ್ಲಿ ಅವರ ಸಂಘ ಶುರುವಾಯಿತು. ಸದಸ್ಯರು ಪರವಾನಗಿ ಪಡೆದು ಹಾವು ಹಿಡಿದು ತರುತ್ತಾರೆ. ಕೆಲವು ವಾರ ಇಟ್ಟುಕೊಂಡು ವಿಷ ತೆಗೆದು, ಮತ್ತೆ ಕಾಡಿಗೆ ಬಿಡುತ್ತಾರೆ. ನಾವು ಡೇರಿಗೆ ಹಾಲು ಹಾಕುವಂತೆ ಅವರು ಸಂಘಕ್ಕೆ ಹಾವು ಹಾಕುತ್ತಾರೆ ಎನ್ನಬಹುದು. ಈ ಸಮುದಾಯದ ಮಾಸಿ ಸಡಯನ್ ಮತ್ತು ವಡಿವೇಲ್ ಗೋಪಾಲ್ ಅವರಿಗೆ 2023ರಲ್ಲಿ ಪದ್ಮಶ್ರೀ ಪ್ರಶಸ್ತಿ ಬಂತು. ಹಾವು ಹಿಡಿಯುವುದು ತಲೆಮಾರುಗಳಿಂದ ಬಂದ ಇಂಥ ಕುಶಲಿಗರ ಕೆಲಸ, ನಮ್ಮದಲ್ಲ.

ಕರ್ನಾಟಕ ಸರ್ಕಾರ 2024ರ ಫೆಬ್ರವರಿಯಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಗಳ ಪಟ್ಟಿಗೆ ಸೇರಿಸಿದೆ. ಆಸ್ಪತ್ರೆಗಳು ಪ್ರತಿ ಪ್ರಕರಣವನ್ನೂ ಲೆಕ್ಕಕ್ಕೆ ತರಬೇಕು. ಎಲ್ಲಿ ಎಷ್ಟು ಜನರಿಗೆ ಕಚ್ಚುತ್ತಿದೆ ಎಂದು ಗೊತ್ತಾದರೆ ಅಲ್ಲಿಗೆ ಔಷಧಿ ಕಳಿಸುವುದು ಸುಲಭ. ನಾಟಿ ಚಿಕಿತ್ಸೆ ಮಾಡಿಸಿ ಮನೆಯಲ್ಲೇ ಉಳಿದವರು ಈ ಲೆಕ್ಕಕ್ಕೆ ಸಿಗುವುದಿಲ್ಲ.

ಮಳೆಗಾಲಕ್ಕೆ ಮುನ್ನ ಸಂಘದಲ್ಲಿ ಮಾಡಿ

ಮುಂದಿನ ಸಭೆಯಲ್ಲಿ ಈ ಮೂರು ಕೆಲಸ ಮುಗಿಸಿಕೊಳ್ಳಿ. ನಿಮ್ಮ ಊರಿಗೆ ಹತ್ತಿರದಲ್ಲಿ ರಾತ್ರಿಯೂ ವೈದ್ಯರಿದ್ದು, ಪ್ರತಿವಿಷ ಸಿಗುವ ಸರ್ಕಾರಿ ಆಸ್ಪತ್ರೆ ಯಾವುದು ಎಂದು ಆಶಾ ಕಾರ್ಯಕರ್ತೆಯಿಂದ ಕೇಳಿ ತಿಳಿಯಿರಿ. ಎಲ್ಲ ಆರೋಗ್ಯ ಕೇಂದ್ರದಲ್ಲೂ ರಾತ್ರಿ ಸಿಗುವುದಿಲ್ಲ, ಕಚ್ಚಿದ ಮೇಲೆ ಹುಡುಕುವಂತಾಗಬಾರದು. ಆ ಆಸ್ಪತ್ರೆಯ ಹೆಸರು, ಜೊತೆಗೆ 108, 1962, 1926 ಈ ನಂಬರುಗಳನ್ನು ಹಾಲು ಅಳೆಯುವ ಜಾಗದಲ್ಲಿ ಎಲ್ಲರಿಗೂ ಕಾಣುವಂತೆ ದೊಡ್ಡದಾಗಿ ಬರೆಸಿ. ರಾತ್ರಿ ಹೊತ್ತಿನಲ್ಲಿ ಕರೆದರೆ ಬರುವ ಆಟೋ ಅಥವಾ ಕಾರು ಊರಿನಲ್ಲಿ ಯಾರದ್ದು ಎಂದು ಮೊದಲೇ ಮಾತಾಡಿಟ್ಟುಕೊಳ್ಳಿ.

ಬೆಳಗಿನ ಸರದಿಯಲ್ಲಿ ಪಕ್ಕದ ಮನೆಯವರು ಹಾಲು ತಂದಿಲ್ಲವೆಂದರೆ ಏಕೆಂದು ಒಮ್ಮೆ ವಿಚಾರಿಸಿ. ಇವತ್ತು ಮನೆಗೆ ಹೋದ ಕೂಡಲೇ ಹಿಂಡಿ ಚೀಲವನ್ನು ಹಲಗೆಯ ಮೇಲೆ ಎತ್ತಿಡಿ, ಟಾರ್ಚಿಗೆ ಹೊಸ ಸೆಲ್ ಹಾಕಿ ಕೊಟ್ಟಿಗೆಯ ಬಾಗಿಲ ಮೊಳೆಗೆ ನೇತುಹಾಕಿ.